ಲಾಭಪ್ಪನ ವಿಷಯವಾಗಿ ಬಂದ ಪತ್ರಗಳು

ಬನಹಟ್ಟಿಯ ವಾಚನಾಲಯದ ಓದುಗರು ಪುಸ್ತಕ ಓದಿ ಸುಮ್ಮನೆ ವಾಪಸು ಕೊಡುವ ಪೈಕಿ ಅಲ್ಲ. ದಿನವಿಡೀ ಮಗ್ಗದ ಸದ್ದಿನಲ್ಲಿ ಬಾಯಿ ಕಟ್ಟಿಕೊಂಡು ದುಡಿಯುವ ಮಂದಿ. ಸಂಜೆ ಪುಸ್ತಕ ಕೈಗೆ ಬಂತೆಂದರೆ ಪುಟದ ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಜಗಳ ತೆಗೆಯುತ್ತಾರೆ. ‘ಇದು ಆಗೋ ಮಾತಲ್ಲ’, ‘ನಾಯಕಿಗೆ ಬುದ್ಧಿ ಸಾಲದು’, ‘ಲೇಖಕರು ಒಮ್ಮೆ ರಬಕವಿಗೆ ಬಂದು ನೋಡಲಿ’. ವಾಚನಾಲಯ ನೋಡಿಕೊಳ್ಳುವ ನಂದಾ ಹನ್ನೊಂದು ವರ್ಷದಿಂದ ರಬ್ಬರು ಹಿಡಿದು ಇವರ ಜಗಳವನ್ನೆಲ್ಲ ಅಳಿಸುತ್ತ ಬಂದಿದ್ದಳು. ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ‘ನಲವತ್ತು ತಲೆ’ ಎಂಬ ಕಾದಂಬರಿ ವಾಪಸು ಬಂದಾಗ ಮಾತ್ರ ನೂರಾ ನಾಲ್ಕನೆಯ ಪುಟದಲ್ಲಿ ಅವಳ ರಬ್ಬರು ನಿಂತುಬಿಟ್ಟಿತು. ಅಲ್ಲಿ ಮೂರು ಕೈಬರಹ ಇದ್ದವು. ‘ಇಂಥವನನ್ನು ಕಡಿದು ಹಾಕಬೇಕು’ ಎಂದು ಒಬ್ಬ ಬರೆದಿದ್ದ. ‘ಕಡಿದರೂ ಕಡಿಮೆ’ ಎಂದು ಕೆಳಗೆ ಇನ್ನೊಬ್ಬ. ಮೂರನೆಯವನು ಸಣ್ಣ ಅಕ್ಷರದಲ್ಲಿ ಕೇಳಿದ್ದ: ‘ಬೀಳಗಿ ಕಡೆಯವನು. ಕುರಿ ಕಾಯುವ ಮನೆತನ. ಎಡಗೈಯ ಕಿರುಬೆರಳು ಅರ್ಧ ಇಲ್ಲ. ಯಾರಪ್ಪಾ ಇವನು? ಇನ್ನೂ ಇದ್ದಾನೆಯೇ?’

ನಂದಾಳ ಅಪ್ಪ ಕರೆಪ್ಪನ ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ.

ಕರೆಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಸೆರೆ ಸಿಕ್ಕು, ಗಡಿಯಾಚೆಯ ಶಿಬಿರದಲ್ಲಿ ಒಂದು ವರ್ಷ ಕಳೆದು ಬಂದವನು. ಬೀಳಗಿ ಹತ್ತಿರದ ಅವನ ಊರು ಬಾಡಗಂಡಿಯ ಸುತ್ತಿನ ಹತ್ತು ಹಳ್ಳಿಗಳಲ್ಲಿ ಅಂಥವನು ಅವನೊಬ್ಬನೇ. ಊರಿನ ಹಳೆಯ ಮನೆ ಆಣೆಕಟ್ಟಿನ ಹಿನ್ನೀರಿಗೆ ಹೋದಮೇಲೆ ಮಗಳ ಮನೆಗೆ ಬಂದು ಇದ್ದ. ಆದರೂ ಪ್ರತಿ ಅಮಾವಾಸ್ಯೆಗೆ ಊರಿಗೆ ಹೋಗುತ್ತಿದ್ದ. ಬೀರದೇವರ ಗುಡಿಯಲ್ಲಿ ನೆರೆದವರ ಹಣೆಗೆಲ್ಲ ಭಂಡಾರದ ಅರಿಸಿನ ಹಚ್ಚುವ ಮಾನವನ್ನು ಹಿರಿಯರು ಅವನಿಗೆ ಕೊಟ್ಟಿದ್ದರು. ದೇಶಕ್ಕಾಗಿ ಸೆರೆ ಅನುಭವಿಸಿದ ಕೈ ಎಂದು. ಶಿಬಿರದ ಸುದ್ದಿ ಯಾರಾದರೂ ತೆಗೆದರೆ, "ಚಳಿ ಭಾಳ ಇತ್ತು, ಬೆರಳು ಚಳಿಗೆ ಹೋತು" ಎಂದಷ್ಟೇ ಹೇಳಿ ಎದ್ದುಹೋಗುವನು. ನಂದಾ ಚಿಕ್ಕವಳಿದ್ದಾಗಿನಿಂದ ಕೇಳಿದ್ದು ಆ ಒಂದು ವಾಕ್ಯ ಮಾತ್ರ.

ಈಗ ನೋಡಿದರೆ ಇನ್ನೂರ ಹತ್ತು ಪುಟ! ಬರೆದವರು ಜಮಖಂಡಿಯ ನಿವೃತ್ತ ಅಧ್ಯಾಪಕ ಶಿವಯೋಗೆಪ್ಪ. ಕಾದಂಬರಿಯಲ್ಲಿ ತಗಡಿನ ಬ್ಯಾರಕಿನೊಳಗೆ ನಲವತ್ತು ಜನ ಸಿಪಾಯಿಗಳು. ದಿನಾ ಬೆಳಿಗ್ಗೆ ಮಂಜಿನಲ್ಲಿ ಸಾಲಾಗಿ ನಿಂತು ತಲೆ ಎಣಿಸಿಕೊಳ್ಳಬೇಕು. ಎಣಿಸುವ ಕೆಲಸವನ್ನು ಪಹರೆಯವರು ಕೈದಿಗಳಲ್ಲೇ ಒಬ್ಬನಿಗೆ ಒಪ್ಪಿಸಿದ್ದರು. ಬೀಳಗಿ ಕಡೆಯ ಹುಡುಗ, ಕುರಿ ಎಣಿಸಿ ಪಳಗಿದ ಕಣ್ಣು. ಅವನು ಸಾಲಿನ ಮುಂದೆ ನಿಂತು ಮೊದಲು ‘ಲಾಭ’ ಎನ್ನುತ್ತಿದ್ದ, ಆಮೇಲೆ ತನ್ನ ಭಾಷೆಯಲ್ಲಿ ಎಣಿಸುತ್ತ ಹೋಗಿ, ಕೊನೆಗೆ ಪಹರೆಯವನಿಗೆ ತಿಳಿಯಲೆಂದು ‘ಚಾಲೀಸ್’ ಎಂದು ಕೂಗುತ್ತಿದ್ದ. ಉಳಿದವರು ಅವನಿಗೆ ಲಾಭಪ್ಪನೆಂದೇ ಹೆಸರಿಟ್ಟರು. ಒಂದು ರಾತ್ರಿ ಬಾಬು ಎಂಬ ಸಾತಾರಾ ಕಡೆಯ ಸಿಪಾಯಿ ತಂತಿ ದಾಟಿ ಓಡಿಹೋದ. ಮರುದಿನ ಲಾಭಪ್ಪ ತನ್ನ ಎದೆ ಮುಟ್ಟಿಕೊಂಡು, ಪಹರೆಯವನ ಮುಖ ನೋಡಿ ‘ಲಾಭ’ ಎಂದ. ಎಲ್ಲರನ್ನೂ ಎಣಿಸಿ ಕೊನೆಗೆ ತನ್ನ ತಲೆ ಮುಟ್ಟಿಕೊಂಡು ‘ಚಾಲೀಸ್’ ಎಂದ. ಒಬ್ಬ ಕಡಿಮೆ ಇದ್ದರೂ ಯಾವ ಗದ್ದಲವೂ ಆಗಲಿಲ್ಲ. ಹೀಗೆ ಮೂರು ಮುಂಜಾನೆ. ನಾಲ್ಕನೆಯ ದಿನ ಬಾಬು ಕಾಲುವೆಯ ದಂಡೆಯ ಮೇಲೆ ಗುಂಡು ತಿಂದು ಸತ್ತ.

ಗದ್ದಲ ಯಾಕೆ ಆಗಲಿಲ್ಲ? ಪಹರೆಯವರಿಗೆ ಎಲ್ಲ ಮೊದಲೇ ಗೊತ್ತಿತ್ತು, ಬೇಕೆಂದೇ ಬಿಟ್ಟು ಬೆನ್ನು ಹತ್ತಿದ್ದರು ಎಂದು ಕಾದಂಬರಿ ಹೇಳುತ್ತದೆ. ಎದೆ ಮುಟ್ಟಿ ‘ಲಾಭ’ ಎಂದದ್ದು ಸುದ್ದಿ ಮುಟ್ಟಿಸುವ ಸನ್ನೆ. ಲಾಭಪ್ಪ ಗೆಳೆಯನ ತಲೆ ಮಾರಿ ಹೆಚ್ಚಿನ ರೊಟ್ಟಿ ತಿಂದವನು.

ನಂದಾ ನೂರಾ ನಾಲ್ಕನೆಯ ಪುಟವನ್ನು ಮೂರು ಸಲ ಓದಿದಳು. ಲಾಭಪ್ಪ ಬನಿಯನ್ನಿನ ಚುಂಗಿಗೆ ಬೀರದೇವರ ಭಂಡಾರ ಕಟ್ಟಿಕೊಂಡಿದ್ದ ಎಂದಿತ್ತು. ಅಪ್ಪ ಈಗಲೂ ಕಟ್ಟಿಕೊಳ್ಳುತ್ತಾನೆ. ಹಳದಿ ಕಲೆ ಹೋಗುವುದಿಲ್ಲವೆಂದು ಅವಳೇ ಎಷ್ಟೋ ಸಲ ಬೈದಿದ್ದಳು. ಅಂಚಿನ ಬರಹವನ್ನು ಅಳಿಸಿದಳು. ವಾಚನಾಲಯದಲ್ಲಿದ್ದ ಎರಡೂ ಪ್ರತಿಗಳನ್ನು ಕಪಾಟಿನ ತಳಕ್ಕೆ, ಹಳೆಯ ವಾರಪತ್ರಿಕೆಗಳ ಕೆಳಗೆ ತುರುಕಿದಳು. ಅಳಿಸಿದ ಜಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಅಡಗಿಸಿಟ್ಟರೆ ಬನಹಟ್ಟಿಯ ಓದುಗರು ಬಿಡುತ್ತಾರೆಯೇ! ಮರುದಿನವೇ ಮಲಕಾಜಪ್ಪ ಬಂದ. ನಾಲ್ಕು ಮಗ್ಗದ ಮಾಲೀಕ, ಕಾದಂಬರಿ ಎಂದರೆ ಜೀವ, ಓದಿದ್ದನ್ನು ಊರಿಗೆಲ್ಲ ಹೇಳದಿದ್ದರೆ ಅನ್ನ ಕರಗದು.

"ನಂದಾಬಾಯಾರ, ‘ನಲವತ್ತು ತಲೆ’ ಎಲ್ಲಿ ಐತ್ರಿ? ಇನ್ನೊಮ್ಮಿ ಓದಬೇಕು."

"ಬೈಂಡಿಂಗಿಗೆ ಹೋಗೇತ್ರಿ."

"ಹೊಸಾ ಪುಸ್ತಕ ಬೈಂಡಿಂಗಿಗೆ?" ಮಲಕಾಜಪ್ಪ ಕನ್ನಡಕದ ಮೇಲಿಂದ ನೋಡಿದ. "ಇರಲಿ ಬಿಡ್ರಿ. ಆ ಲಾಭಪ್ಪ ನಿಮ್ಮ ಊರ ಕಡಿಯಂವ ಅಂತ ಬರದಾರಲ್ರಿ. ನಿಮ್ಮ ತಂದೀನೂ ಆ ಯುದ್ಧದಾಗ ಸಿಕ್ಕವರು. ಅವರಿಗೆ ಗೊತ್ತಿರಬೇಕಲ್ಲ, ಆ ಹರಾಮಖೋರ ಯಾರು ಅಂತ?"

ಇವನು ಗೊತ್ತಿದ್ದು ಕೇಳುತ್ತಿದ್ದಾನೋ, ಗೊತ್ತಿಲ್ಲದೆ ಕೇಳುತ್ತಿದ್ದಾನೋ ನಂದಾಳಿಗೆ ತಿಳಿಯಲಿಲ್ಲ. ಮೂರನೆಯ ಕೈಬರಹ ಇವನದೇ ಇರಬಹುದೇ ಎಂದು ಸಹಿ ಪುಸ್ತಕ ತೆಗೆದು ಅಕ್ಷರ ಹೋಲಿಸಿದಳು. ಹೋಲಿಕೆಯಾಗಲಿಲ್ಲ. ಅಂದಿನಿಂದ ಅವಳಿಗೆ ವಾಚನಾಲಯಕ್ಕೆ ಬರುವವರೆಲ್ಲ ತನ್ನ ಮುಖವನ್ನೇ ಓದುತ್ತಿದ್ದಾರೆ ಅನ್ನಿಸತೊಡಗಿತು. ಯಾರಾದರೂ ಇಬ್ಬರು ಮೂಲೆಯಲ್ಲಿ ಪಿಸುಮಾತಾಡಿದರೆ ಅವಳು ಪುಸ್ತಕ ಜೋಡಿಸುವ ನೆಪದಲ್ಲಿ ಅತ್ತ ಹೋಗುವಳು.

ವಾರದೊಳಗೆ ಊರಿನಿಂದ ದೊಡ್ಡಪ್ಪನ ಮಗ ಮಾಳು ಫೋನು ಮಾಡಿದ.

"ಅಕ್ಕಾ, ಅದೇನೋ ಪುಸ್ತಕಂತ. ಸಾಲಿ ಮಾಸ್ತರು ಕಟ್ಟೀಮ್ಯಾಲ ಕುಂತು ಓದಿ ಹೇಳ್ಯಾರ. ಊರಾಗ ಮಂದಿ ಬಾಯಿಗೆ ಬಂದಂಗ ಮಾತಾಡಾಕತ್ತಾರ."

"ಏನಂತಾರೋ?"

"ಏನಂತಾರ? ಬರೋ ಅಮಾಸಿಗಿ ಕಾಕಾನ ಕೈಲೆ ಭಂಡಾರ ಹಚ್ಚಿಸಿಕೊಳ್ಳೂದು ಬ್ಯಾಡ ಅಂತಾರ. ಹಿರ್‍ಯಾರು ಇನ್ನಾ ಬಾಯಿ ಬಿಟ್ಟಿಲ್ಲ. ನೀ ಕಾಕಾಗ ಒಂದ ಮಾತು ಕೇಳಬಾರದೇನ ಬೇ."

"ನಾ ಏನಂತ ಕೇಳಲಿ? ನೀ ಆ ಮನಷಾನ ಹೌದೋ ಅಲ್ಲೋ ಅಂತ ಕೇಳಲೇನು? ನಿನಗ ನಾಚಿಕಿ ಬರಂಗಿಲ್ಲ?"

ಮಾಳುವಿಗೆ ಹಾಗೆ ಬೈದು ಫೋನು ಇಟ್ಟಳು ಸರಿ. ಆದರೆ ಆ ಪ್ರಶ್ನೆಯನ್ನು ಅಪ್ಪನಿಗೆ ಕೇಳಲು ಅವಳಿಂದಲೂ ಆಗಲಿಲ್ಲ. ಕೇಳಿದರೆ ಅಪ್ಪ ‘ಹೌದು’ ಎಂದುಬಿಟ್ಟರೆ? ‘ಅಲ್ಲ’ ಎಂದರೂ ಅದನ್ನು ನಂಬುವುದು ಹೇಗೆ? ಅವಳ ಗಂಡ ರಾಜಕುಮಾರ ಎರಡು ಪಾಳಿ ಮಗ್ಗ ನಡೆಸುವವನು, ಮನೆಗೆ ಬಂದರೆ ಉಂಡು ಮಲಗುವುದಷ್ಟೇ ಗೊತ್ತು. ಅವನ ಹತ್ತಿರ ಹೇಳಿಕೊಂಡು ಪ್ರಯೋಜನವಿರಲಿಲ್ಲ. ಹೀಗಾಗಿ ಅವಳು ಸುಮ್ಮನೆ ಅಪ್ಪನನ್ನು ನೋಡತೊಡಗಿದಳು. ನೋಡುವುದೆಂದರೆ ಏನು, ಕಾಯುವುದು. ಅವನು ಯಾವಾಗ ಏಳುತ್ತಾನೆ, ಯಾರ ಹತ್ತಿರ ಮಾತಾಡುತ್ತಾನೆ, ರೊಟ್ಟಿ ಎಷ್ಟು ತಿನ್ನುತ್ತಾನೆ. ಒಂದು ದಿನ ಅವನು ಇನ್ನೊಂದು ರೊಟ್ಟಿ ಕೇಳಿದಾಗ ಅವಳಿಗೆ ಕಾದಂಬರಿಯ ಹೆಚ್ಚಿನ ರೊಟ್ಟಿ ನೆನಪಾಯಿತು, ಇದು ಎಷ್ಟನೆಯದೆಂದು ಲೆಕ್ಕ ಹಾಕಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಒಂದು ಮಧ್ಯಾಹ್ನ ವಾಚನಾಲಯದ ಕಪಾಟು ತೆಗೆದರೆ ಪುಸ್ತಕ ಒಂದೇ ಇತ್ತು. ಇನ್ನೊಂದು ಅಪ್ಪನ ಹಾಸಿಗೆಯ ಕೆಳಗೆ ಸಿಕ್ಕಿತು. ವಾಚನಾಲಯದ ಬೀಗದ ಕೈ ಮನೆಯ ಗೂಟಕ್ಕೇ ತೂಗುತ್ತಿತ್ತಲ್ಲ, ಪುಸ್ತಕದ ಸುದ್ದಿ ಹೇಗೋ ಕಿವಿಗೆ ಬಿದ್ದು ಭಾನುವಾರ ಹೋಗಿ ತಂದಿದ್ದ. ನೂರಾ ನಾಲ್ಕನೆಯ ಪುಟಕ್ಕೆ ಗುರುತು ಹಾಕಿರಬಹುದೆಂದು ತೆರೆದಳು. ಅಲ್ಲಿ ಏನೂ ಇರಲಿಲ್ಲ. ಗುರುತಿಗೆಂದು ಮಡಚಿದ್ದು ಬಾಬು ಸಾಯುವ ನೂರಾ ಹನ್ನೆರಡನೆಯ ಪುಟ. ಆ ಪುಟ ಕೈ ಬೆವರಿಗೆ ಮೆತ್ತಗಾಗಿತ್ತು. ಇಷ್ಟು ಸಲ ಓದುವಂಥದ್ದು ಅಲ್ಲೇನಿದೆ? ತಾನು ಕೊಂದವನ ಸಾವನ್ನೇ ಮತ್ತೆ ಮತ್ತೆ ಓದುತ್ತಿದ್ದಾನೆಯೇ? ನಂದಾ ಪುಸ್ತಕವನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದಳು.

ಆಮೇಲೆ ಕರೆಪ್ಪ ಕುಂದುತ್ತ ಹೋದ. ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ಒಂದು ಸಂಜೆ ಗೋಡೆಗೆ ಮುಖ ಮಾಡಿ ಕೂತು ಕಾರ್ಡು ಬರೆಯುತ್ತಿದ್ದ. ನಂದಾ ಒಳಗೆ ಬಂದ ಸದ್ದಿಗೆ ಅಂಗೈಯಿಂದ ಮುಚ್ಚಿದ.

"ಯಾರಿಗಪ್ಪಾ ಪತ್ರಾ?"

"ಪೆನ್ಶನ್ ಆಫೀಸಿಗೆ."

ಪೆನ್ಶನ್ ಆಫೀಸಿನ ಕಾಗದಗಳನ್ನೆಲ್ಲ ಬರೆಯುವವಳು ನಂದಾ. ಹುಟ್ಟಿದಾಗಿನಿಂದ ಅಪ್ಪ ತನಗೆ ಸುಳ್ಳು ಹೇಳಿದ್ದು ಅವಳು ಕಂಡಿರಲಿಲ್ಲ. ಅಮಾವಾಸ್ಯೆಗೆ ಇನ್ನು ಹತ್ತೇ ದಿನ ಇತ್ತು. ಆ ಶಿವಯೋಗೆಪ್ಪನನ್ನೇ ಹೋಗಿ ಕೇಳುವುದೆಂದು ಅವಳು ಆಗ ಗಟ್ಟಿ ಮಾಡಿದಳು. ಬರೆದವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ? ಒಂದು ವಾರ ತಡೆದಳು, ಧೈರ್ಯ ಸಾಲದೆ. ಆಮೇಲೆ ಒಂದು ದಿನ ರಜೆ ಹಾಕಿ, ಅಪ್ಪನಿಗೆ "ಜಮಖಂಡ್ಯಾಗ ಮೀಟಿಂಗ್ ಐತಿ" ಎಂದು ತಾನೂ ಒಂದು ಸುಳ್ಳು ಹೇಳಿ ಬಸ್ಸು ಹತ್ತಿದಳು.

ಶಿವಯೋಗೆಪ್ಪನ ಮನೆ ಕೋರ್ಟಿನ ಹಿಂದಿನ ಓಣಿಯಲ್ಲಿತ್ತು. ಬಾಗಿಲು ತೆಗೆದವಳು ಅವರ ಹೆಂಡತಿ ರುಕ್ಮವ್ವ. "ಪುಸ್ತಕದ ಸಲುವಾಗಿ ಬಂದೀರೇನವಾ? ಬರ್ರಿ ಬರ್ರಿ, ಇತ್ತೀಚಿಗೆ ಈ ಮನಿಗೆ ಬರಾವರೆಲ್ಲಾ ಅದರ ಸಲುವಾಗೇ" ಎಂದು ಚಹಾಕ್ಕಿಡಲು ಒಳಗೆ ಹೋದಳು. ತೆಳ್ಳನೆಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಶಿವಯೋಗೆಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ವಾಚನಾಲಯದಲ್ಲಿ ಓದುಗರ ಅಭಿಪ್ರಾಯಗಳ ಪ್ರದರ್ಶನ ಮಾಡಬೇಕೆಂದಿದ್ದೇವೆ, ನಿಮಗೆ ಬಂದ ಪತ್ರಗಳನ್ನು ನೋಡಬಹುದೇ ಎಂದು ನಂದಾ ಕೇಳಿದಳು.

"ಪ್ರದರ್ಶನ?" ಶಿವಯೋಗೆಪ್ಪ ಹುಬ್ಬು ಏರಿಸಿದರು. "ಯಾವುದರೆ ಪ್ರಶಸ್ತಿ ಕಮಿಟಿಯವರು ಕಳಿಸ್ಯಾರೇನವಾ ನಿನ್ನ? ಹಂಗಿದ್ರ ಹೇಳಿಬಿಡು."

"ಇಲ್ರೀ ಸರ. ಬನಹಟ್ಟಿ ವಾಚನಾಲಯದಾಕಿ ನಾನು."

ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೂ ಹೊಗಳಿಕೆಯ ಆಸೆ ದೊಡ್ಡದು. ಮಿಠಾಯಿ ಡಬ್ಬಿಯೊಂದನ್ನು ತಂದು ಮುಂದೆ ಇಟ್ಟರು. "ನೂರಾ ಹನ್ನೆರಡು ಪತ್ರ. ಮೂವತ್ತೆಂಟು ವರ್ಷ ಪಾಠ ಹೇಳೇನಿ, ಒಬ್ಬನೂ ಒಂದು ಕಾರ್ಡು ಬರೀಲಿಲ್ಲ. ಈಗ ನೋಡು."

ನಂದಾ ಒಂದೊಂದೇ ಓದತೊಡಗಿದಳು. ಶಿವಮೊಗ್ಗದ ಬ್ಯಾಂಕ್ ನೌಕರರೊಬ್ಬರು ನಾಲ್ಕು ಪುಟ ಹೊಗಳಿದ್ದರು. ಬೆಂಗಳೂರಿನ ಕಾಲೇಜು ಹುಡುಗಿಯೊಬ್ಬಳು ಬಾಬುವಿನ ಸಾವು ಓದಿ ಎರಡು ದಿನ ಊಟ ಬಿಟ್ಟಿದ್ದಳು. ಮುಧೋಳದ ನಿವೃತ್ತ ಪೋಲೀಸನೊಬ್ಬ, ಲಾಭಪ್ಪನ ಮೇಲೆ ಯಾವ ಯಾವ ಕಲಮು ಹಚ್ಚಬಹುದೆಂದು ಪಟ್ಟಿ ಕಳಿಸಿದ್ದ. ಬೀಳಗಿಯಿಂದ ಬಂದ ಒಂದಕ್ಕೆ ಸಹಿ ಇರಲಿಲ್ಲ: ‘ಆ ಮನುಷ್ಯ ಯಾರೆಂದು ನಮಗೆ ಗೊತ್ತು. ಮಗಳ ಮನೆಯಲ್ಲಿ ಕೂತು ಆರಾಮಾಗಿ ಉಣ್ಣುತ್ತಿದ್ದಾನೆ.’ ನಂದಾ ಅದನ್ನು ತಳಕ್ಕೆ ಹಾಕಿ ಮುಂದಿನದನ್ನು ಎತ್ತಿಕೊಂಡಳು. ಅದೊಂದು ಕಾರ್ಡು, ಅದಕ್ಕೂ ಸಹಿ ಇರಲಿಲ್ಲ. ಆದರೆ ಆ ಅಕ್ಷರಕ್ಕೆ ಸಹಿ ಬೇಕಾಗಿರಲಿಲ್ಲ. ಅಪ್ಪ ಹೇಳಿದ ಪೆನ್ಶನ್ ಆಫೀಸಿನ ಪತ್ರ ಅಲ್ಲಿತ್ತು.

‘ಬಾಬು ಸತ್ತದ್ದು ಖರೆ ಏನು? ಖರೆ ಇದ್ದರೆ ಯಾರು ನೋಡಿದರು? ನೋಡಿದವರು ಇನ್ನೂ ಇದ್ದಾರೇನು? ಪುಸ್ತಕದಲ್ಲಿಯೇ ತಿಳಿಸಬೇಕು.’

ಮುಗಿಯಿತು ಎಂದುಕೊಂಡಳು ನಂದಾ. ಯಾರು ನೋಡಿದರು? ನೋಡಿದವರು ಇನ್ನೂ ಇದ್ದಾರೇನು? ತಪ್ಪು ಮಾಡದವನು ಸಾಕ್ಷಿ ಇದೆಯೇ ಎಂದು ಯಾಕೆ ಕೇಳುತ್ತಾನೆ? ಅಮ್ಮ ಸತ್ತಾಗಲೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ರುಕ್ಮವ್ವ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು.

"ಅದಾ? ಅದು ಯಾವನೋ ತಲಿತಿರುಕಂದು" ಎಂದರು ಶಿವಯೋಗೆಪ್ಪ ಬಗ್ಗಿ ನೋಡಿ. "ಪುಸ್ತಕದಾಗ ತಿಳಿಸಬೇಕಂತ. ಅಚ್ಚಾದ ಪುಸ್ತಕದಾಗ ಹೆಂಗ ತಿಳಸೂದು? ಅದರ ಕೆಳಗಿಂದು ನೋಡು, ಅದು ಇನ್ನೂ ಮಜಾ ಐತಿ. ಮಹಾಲಿಂಗಪುರದ ಹಮಾಲನೊಬ್ಬ ನನಗ ಲೆಕ್ಕಾ ಕಲಸಾಕ ಬಂದಾನ."

ನಂದಾ ಓದುವ ಮನಸ್ಸಿಲ್ಲದೆ ಆ ಕಾಗದ ಎತ್ತಿಕೊಂಡಳು. ವಹಿಯ ಹಾಳೆ, ಶಾಲೆಯ ಹುಡುಗಿಯ ದುಂಡನೆಯ ಅಕ್ಷರ.

‘ಸಾಹೇಬರಿಗೆ ಮಹಾಲಿಂಗಪುರ ಬೆಲ್ಲದ ಪ್ಯಾಟಿಯ ಹಮಾಲ ಅಂದಾನೆಪ್ಪನ ಶರಣು. ನನಗೆ ಓದು ಬರಂಗಿಲ್ಲ. ಮೊಮ್ಮಗಳು ಓದಿ ಹೇಳಿದಳು, ಈ ಪತ್ರಾನೂ ಆಕಿ ಬರದಾಳ. ನಿಮ್ಮ ಪುಸ್ತಕ ಛಲೋ ಐತಿ ಆದರ ಎಣಿಕಿ ತಪ್ಪೈತಿ. ನಾ ಐವತ್ತು ವರ್ಷ ಬೆಲ್ಲದ ಪೆಂಟಿ ಎಣಿಸೇನಿ. ನಮ್ಮಲ್ಲಿ ಮೊದಲನೇದಕ್ಕ ಒಂದು ಅನ್ನಂಗಿಲ್ಲ, ಲಾಭ ಅಂತೇವಿ. ಲಾಭ, ಎರಡು, ಮೂರು. ಇದು ಸಣ್ಣ ಕೂಸಿಗೂ ಗೊತ್ತು. ಆ ಬೀಳಗಿ ಹುಡುಗ ಎದಿ ಮುಟ್ಟಿ ಲಾಭ ಅಂದ ಅಂದರ ತನ್ನನ್ನ ಒಂದು ಅಂತ ಎಣಿಸಿಕೊಂಡ. ಕಡೀಕ ತಲಿ ಮುಟ್ಟಿ ಚಾಲೀಸ್ ಅಂದ ಅಂದರ ತನ್ನನ್ನ ಮತ್ತೊಮ್ಮಿ ಎಣಿಸಿಕೊಂಡ. ಅಲ್ಲಿಗೆ ಒಬ್ಬ ಮನಷಾ ಹೆಚ್ಚಾದ. ಓಡಿಹೋದವನ ಜಾಗಾ ತುಂಬಿತು. ಲೆಕ್ಕ ಸರಿ ಹತ್ತಿತು, ಅದಕ್ಕ ಗದ್ದಲ ಆಗಲಿಲ್ಲ. ಪ್ಯಾಟ್ಯಾಗ ಯಾವನರೆ ಹಂಗ ಎಣಿಸಿದರ ಕಳ್ಳ ಅಂತ ಹಿಡದು ಬಡೀತೇವಿ. ಆದರ ಅಲ್ಲಿ ಅವ ಕದ್ದದ್ದು ಪೆಂಟಿ ಅಲ್ಲ, ಗೆಳ್ಯಾಗ ಮೂರು ದಿನ ಕದ್ದು ಕೊಟ್ಟಾನ. ನೀವು ಅವಗ ಬೈದದ್ದು ನನಗ ಸರಿ ಕಾಣಲಿಲ್ಲ.’

ನಂದಾ ಒಂದು ಸಲ ಓದಿದಳು. ಎದೆ ಮುಟ್ಟಿಕೊಂಡು "ಲಾಭ" ಎಂದಳು. ಗೋಡೆಯ ಮೇಲಿನ ಫೋಟೋಗಳನ್ನು ಬೆರಳು ಮಾಡಿ "ಎರಡು, ಮೂರು, ನಾಲ್ಕು, ಐದು" ಎಂದು, ಕೊನೆಗೆ ತನ್ನ ತಲೆ ಮುಟ್ಟಿ "ಆರು" ಎಂದಳು. ಫೋಟೋ ನಾಲ್ಕು, ಅವಳು ಒಬ್ಬಳು. ಆರು ಆಗಿತ್ತು. ಶಿವಯೋಗೆಪ್ಪ ಇವಳಿಗೆ ಏನಾಯಿತೆಂದು ನೋಡುತ್ತಿದ್ದರು.

"ಸರ, ನೀವು ಈ ಸೀಮಿಯವರs ಅಲ್ರೀ? ರಾಶಿ ಅಳಿಯೂವಾಗ ಮೊದಲನೇ ಕೊಳಗಕ್ಕ ಏನಂತಾರ?"

"ಲಾಭ ಅಂತಾರ. ನಮ್ಮಜ್ಜ ಜ್ವಾಳದ ಹಗೇವು ತಗದಾಗ..." ಶಿವಯೋಗೆಪ್ಪನ ಮಾತು ಅಲ್ಲಿಗೇ ನಿಂತಿತು. ಮುಖದ ಬಣ್ಣ ಇಳಿಯಿತು. "ಅಯ್ಯಯ್ಯೋ."

ಆಮೇಲೆ ಎಲ್ಲ ಹೊರಗೆ ಬಂತು. ಅವರಿಗೆ ಈ ಕಥೆ ಹೇಳಿದವನು ಆ ಶಿಬಿರದಲ್ಲೇ ಇದ್ದ ಕೇರಳದ ಒಬ್ಬ ನಿವೃತ್ತ ಹವಾಲ್ದಾರ, ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತಿದ್ದವನು. ಹೇಳಿದ್ದು ಹಿಂದಿಯಲ್ಲಿ. ‘ಅವನು ದಿನಾ ಲಾಭ್ ಲಾಭ್ ಅನ್ನುತ್ತಿದ್ದ, ಏನು ಲಾಭವಿತ್ತೋ ದೇವರೇ ಬಲ್ಲ’ ಎಂದಿದ್ದ. ಆ ಹವಾಲ್ದಾರನಿಗೆ ಈ ಸೀಮೆಯ ಎಣಿಕೆ ಗೊತ್ತಿರಲಿಲ್ಲ. ಶಿವಯೋಗೆಪ್ಪನಿಗೆ ಗೊತ್ತಿತ್ತು, ಆದರೆ ಹಿಂದಿಯಲ್ಲಿ ಕೇಳಿದ ಮಾತಿಗೆ ಅಜ್ಜನ ಹಗೇವು ನೆನಪಾಗಲಿಲ್ಲ. ಸನ್ನೆ, ಗುಟ್ಟು, ಹೆಚ್ಚಿನ ರೊಟ್ಟಿ ಎಲ್ಲ ಅವರೇ ಹೊಸೆದದ್ದು.

"ಮತ್ತ ಬಾಬು?" ನಂದಾ ಅಪ್ಪನ ಕಾರ್ಡನ್ನು ಮತ್ತೆ ಎತ್ತಿಕೊಂಡಳು. "ಬಾಬು ಸತ್ತದ್ದು ಖರೇನ್ರಿ?"

"ಅವಂದು ಏನಾತೋ ಹವಾಲ್ದಾರಗೂ ಗೊತ್ತಿರಲಿಲ್ಲ. ಹೋದಂವ ಹೋದ, ಸುದ್ದಿ ಇಲ್ಲ ಅಂದ. ಕಾದಂಬರಿಗೆ ಒಂದು ಸಾವು ಬೇಕಾಗಿತ್ತವಾ." ಶಿವಯೋಗೆಪ್ಪ ಕನ್ನಡಕ ತೆಗೆದು ಒರೆಸಿದರು. "ಅಷ್ಟಕ್ಕೂ ಇದು ಕಾದಂಬರಿ. ಖರೆ ಮನಷಾರು ಯಾರೂ ಇದರಾಗ ಇಲ್ಲ ಅಂತ ಮೊದಲನೇ ಪುಟದಾಗs ಬರದೇನಿ."

"ನಮ್ಮಪ್ಪ ಮೊದಲನೇ ಪುಟದಾಗ ಇಲ್ರೀ ಸರ. ನೂರಾ ನಾಲ್ಕನೇ ಪುಟದಾಗ ಅದಾನ."

ಒಳಗಿನಿಂದ ಬಂದ ರುಕ್ಮವ್ವ ಬಾಗಿಲಲ್ಲೇ ನಿಂತಳು. ಗಂಡನ ಮುಖ ನೋಡಿ, ನಂದಾಳ ಮುಖ ನೋಡಿ, "ಏನ ಮಾಡಿಟ್ರಿ?" ಎಂದಳು. ಶಿವಯೋಗೆಪ್ಪ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಎರಡು ಪತ್ರಗಳನ್ನೂ ನಂದಾಳ ಕೈಗೆ ಕೊಟ್ಟು, ಊರಿನ ಹಿರಿಯರಿಗೆ ತಾನೇ ಬಂದು ಹೇಳುವುದಾಗಿ ಮಾತ್ರ ಹೇಳಿದರು. ಅದನ್ನು ಕೇಳಲು ನಂದಾ ಪೂರ್ತಿ ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಮಾಳುವಿಗೆ ಫೋನು ಮಾಡಿ ಅಂದಾನೆಪ್ಪನ ಪತ್ರವನ್ನು ಓದಿ ಹೇಳಿದಳು. ಸುತ್ತಲಿನ ಮಂದಿ ತಿರುಗಿ ನೋಡಿದರೂ ದನಿ ತಗ್ಗಿಸಲಿಲ್ಲ. ಮಾಳು ಹಣೆ ಬಡಿದುಕೊಂಡದ್ದು ಫೋನಿನಲ್ಲೇ ಕೇಳಿಸಿತು. "ಥೂ ನಮ್ಮ ಬುದ್ಧಿಗಿಷ್ಟು! ಲಾಭ ಅಂದ್ರ ಒಂದಲ್ಲೇನ ಬೇ! ನಾ ನಿನ್ನಿ ಶೇಂಗಾ ಚೀಲ ಹಂಗs ಎಣಿಸೇನಿ! ಈಗs ಹೋಗಿ ಹಿರ್‍ಯಾರಿಗೆ ಹೇಳತೇನಿ. ಅಮಾಸಿಗಿ ಕಾಕಾನ್ನ ಕರಕೊಂಡs ಬಾ."

ಬಸ್ಸಿನಲ್ಲಿ ಕೂತಾಗ ನಂದಾಳಿಗೆ ನಗು ಬಂತು, ಅಳು ಬಂತು. ಅವಳು ತಾನೂ ಕೇಳಿದ್ದಳಲ್ಲ! ಚಿಕ್ಕವಳಿದ್ದಾಗ ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಅಪ್ಪನೇ ಕೊಳಗ ಎತ್ತಿ ‘ಲಾಭ’ ಎಂದದ್ದನ್ನು ಕಿವಿಯಾರೆ ಕೇಳಿದ್ದಳು. ಅಚ್ಚಿನ ಅಕ್ಷರದಲ್ಲಿ ಅದೇ ಮಾತು ಬಂದಾಗ ಶಿವಮೊಗ್ಗದವರು ಓದಿದಂತೆ ತಾನೂ ಓದಿದಳು. ಹೋಗಲಿ, ಈಗ ಗೊತ್ತಾಯಿತಲ್ಲ. ಬನಹಟ್ಟಿ ಬರುವವರೆಗೂ ಅಪ್ಪನಿಗೆ ಮೊದಲು ಯಾವ ಮಾತು ಹೇಳಬೇಕೆಂದು ಯೋಚಿಸುತ್ತ ಬಂದಳು.

ಕರೆಪ್ಪ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಸಂಜೆಯ ಪಾಳಿಯ ಮಗ್ಗಗಳು ಆಗಷ್ಟೇ ಶುರುವಾಗಿದ್ದವು. ನಂದಾ ಚಪ್ಪಲಿ ಬಿಡುತ್ತಲೇ ಹೇಳಿದಳು.

"ಅಪ್ಪಾ, ಬಾಬು ಸತ್ತದ್ದು ಕಟ್ಟಿದ್ದಂತ. ಮಾಸ್ತರು ತಾವs ಕಟ್ಟಿ ಬರದಾರ."

ಕರೆಪ್ಪನ ಕೈ ನಿಂತಿತು. ಅವಳು ಎಲ್ಲಿಗೆ ಹೋಗಿದ್ದಳು, ಹೇಗೆ ಗೊತ್ತಾಯಿತು ಎಂದು ಅವನು ಕೇಳಲಿಲ್ಲ.

"ಕಾಲಿವಿ ದಂಡಿ?"

"ಕಟ್ಟಿದ್ದು."

"ಗುಂಡು?"

"ಅದೂ ಕಟ್ಟಿದ್ದಪ್ಪಾ. ಅವಂದು ಏನಾತು ಅಂತ ಯಾರಿಗೂ ಗೊತ್ತಿಲ್ಲಂತ. ಸತ್ತಾನ ಅಂತ ಯಾರೂ ನೋಡಿಲ್ಲ."

ಕರೆಪ್ಪ ಮುಖವನ್ನು ಪಂಜೆಯಿಂದ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅಪ್ಪ ಅಳುವುದನ್ನು ನಂದಾ ಮೊದಲ ಸಲ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಪಂಜೆ ಸರಿಸಿದಾಗ ಅವನು ನಗುತ್ತಿದ್ದ.

"ಹಂಗಾರ ಊರ ಮುಟ್ಟಿರಬೇಕು ಆ ಮಗ. ಮುಟ್ಟೇ ಇರಬೇಕು. ಎಂಥಾ ಓಟ ಇತ್ತು ಅವಂದು! ಯವ್ವಾ, ಮೂವತ್ತೆಂಟು ವರ್ಷ ನಾ ಹಂಗs ತಿಳಕೊಂಡಿದ್ದೆ, ಮುಟ್ಟಿದಾ ಅಂತ. ಈ ಪುಸ್ತಕ ನೋಡಿ ಎದಿ ಒಡೀತು. ಮೂರು ದಿನ ನನ್ನನ್ನs ಎರಡ ಸಲ ಎಣಿಸಿದೆ ನೋಡು. ಮರಾಠಿ ಹುಡುಗರು ಇಬ್ಬರಿಗೆ ತಿಳದಿತ್ತು, ಅವರೂ ಲಾಭ ಅಂತs ಎಣಸತಾರ, ಆದರ ಬಾಯಿ ಬಿಡಲಿಲ್ಲ. ನಾಕನೇ ದಿನ ಪಹರೇದವನs ಎಣಿಸಿದ. ಎಲ್ಲಾರ್ನೂ ಬಡದ್ರು. ಬಡದ್ರ ಬಡೀಲಿ, ಮೂರು ದಿನ ಸಾಕಾಗತೈತಿ ಅವಗ ಅಂದುಕೊಂಡೆ."

ಇಷ್ಟು ಮಾತನ್ನು ಅವನು ಒಂದೇ ಸಲಕ್ಕೆ ಆಡಿದ್ದು ನಂದಾಳಿಗೆ ನೆನಪೇ ಇರಲಿಲ್ಲ. ಅವಳು ಅವನ ಪಕ್ಕದಲ್ಲಿ ಕುಸಿದು ಕೂತು, ಶೇಂಗಾದ ಸಿಪ್ಪೆ ಅಂಟಿದ ಅವನ ಕೈ ಹಿಡಿದುಕೊಂಡಳು. ಮೂರು ವಾರದ ಭಾರವೆಲ್ಲ ಇಳಿದು ಎದೆ ಹಗುರಾಗಿತ್ತು. ಊರಿನ ಹಿರಿಯರ ಮಾತು, ಮಾಳುವಿನ ಮಾತು, ಅಂದಾನೆಪ್ಪನ ಪತ್ರ, ಎಲ್ಲ ಒಂದರ ಮೇಲೊಂದು ಹೇಳಿದಳು. ಹೇಳುತ್ತ ಹೇಳುತ್ತ ಸಂತೋಷ ತಡೆಯದೆ ಅಂದಳು:

"ಇವತ್ತ ನನಗ ಗೊತ್ತಾತಪ್ಪಾ. ನೀ ಅಂಥಾಂವ ಅಲ್ಲ ಅಂತ ಇವತ್ತ ಖಾತ್ರಿ ಆತು."

ಕರೆಪ್ಪ ನಗುತ್ತಲೇ ತಲೆಯಾಡಿಸಿದ. ಆಮೇಲೆ ನಗು ನಿಂತಿತು. ಅವನು ಮಗಳ ಮುಖವನ್ನು ನೋಡಿದ. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಹಂಗಾರ ನಿನ್ನೀತನಕಾ?"

ನಂದಾ ಅವನ ಬೆರಳಿಗೆ ಅಂಟಿದ ಸಿಪ್ಪೆ ಬಿಡಿಸತೊಡಗಿದಳು. ಕರೆಪ್ಪ ಆಮೇಲೆ ಕೈ ಬಿಡಿಸಿಕೊಂಡು, ಶೇಂಗಾದ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ.